ಕ್ಯಾಸೆಟ್ಟಿನ ಇನ್ನೊಂದು ಬದಿ

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂಬದಿಯ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ಟೀವಿಗೆ ಜೋಡಿಸಿ ನಡೆಸುವ ಹಿಂದಿನ ಕಾಲದ ಹೋಮ್ ಕಂಪ್ಯೂಟರಿನಲ್ಲಿ, ಮೇಲಿನಿಂದ ಇಟ್ಟಿಗೆಗಳು ಬೀಳುವ ಒಂದು ಆಟವಿತ್ತು. ಅದನ್ನು ಬರೆದವರು ಅದೇ ಮನೆಯಲ್ಲಿದ್ದ ಹಿರಿಯರೊಬ್ಬರು. ಅದರ ಪ್ರತಿ ಇದ್ದದ್ದು ಒಂದು ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಮಾತ್ರ. ಆ ಪ್ರತಿಯನ್ನು ಇಲ್ಲವಾಗಿಸಿದವನು ನಾನು.

ಈ ಸಂಗತಿಯನ್ನು ಇದುವರೆಗೆ ಕೆಲವರ ಬಳಿ ಹೇಳಿದ್ದೇನೆ. ಹೇಳುವಾಗಲೆಲ್ಲ ಎಲ್ಲೋ ಒಂದು ಕಡೆ ನನಗೆ ಅನುಕೂಲವಾಗುವಂತೆ ಮಾತನ್ನು ಸ್ವಲ್ಪ ಬಾಗಿಸಿದ್ದೇನೆ. ‘ತಾಂತ್ರಿಕ ಕಾರಣ’ ಎಂದಿದ್ದೇನೆ, ‘ಹಳೆಯ ಟೇಪು’ ಎಂದಿದ್ದೇನೆ. ಬರೆಯುವಾಗ ಹಾಗೆ ಬಾಗಿಸುವುದು ಕಷ್ಟ. ಬರೆಯಲು ಕುಳಿತಿರುವುದೂ ಅದಕ್ಕಾಗಿಯೇ.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದವನು. ವೇದಿಕೆ ಹತ್ತುವ ಅರ್ಧ ಗಂಟೆ ಮೊದಲು ಚೀಟಿ ಎತ್ತಿ ವಿಷಯದ ಪರವೋ ವಿರೋಧವೋ ಎಂದು ನಿರ್ಧರಿಸುವ ಪದ್ಧತಿ ಆಗ ಇತ್ತು. ಚೀಟಿಯಲ್ಲಿ ಬಂದ ಪಕ್ಷವನ್ನು ನಾನು ಅರ್ಧ ಗಂಟೆಯೊಳಗೆ ಮನಃಪೂರ್ವಕ ನಂಬಿಬಿಡುತ್ತಿದ್ದೆ. ನಮ್ಮ ಉಪನ್ಯಾಸಕರು ಒಂದು ಪಟ್ಟನ್ನು ಹೇಳಿಕೊಟ್ಟಿದ್ದರು: ಎದುರಾಳಿಯ ಮಾತನ್ನು ಮೊದಲು ಅವನಿಗಿಂತ ಚೆನ್ನಾಗಿ ನೀನೇ ಹೇಳು, ಅವನು ತಲೆಯಾಡಿಸಿದ ಮೇಲೆ ಅದನ್ನು ಮುರಿ. ಅದು ಗೌರವದಂತೆ ಕಾಣುತ್ತದೆ. ಅನೇಕ ವರ್ಷ ನಾನೂ ಅದನ್ನು ಗೌರವವೆಂದೇ ತಿಳಿದಿದ್ದೆ.

ಅಬುಧಾಬಿಗೆ ಬಂದ ಮೇಲೆ ಅಲ್ ರೀಮ್ ಐಲ್ಯಾಂಡಿನ ಒಂದು ಕಚೇರಿಯಲ್ಲಿ ನೌಕರರಿಗೆ ಸುರಕ್ಷತೆಯ ತರಬೇತಿ ಕೊಡುವ ಕೆಲಸ ಸಿಕ್ಕಿತು. ಅಂದರೆ ಇಲ್ಲಿಯೂ ಜನರನ್ನು ಒಪ್ಪಿಸುವುದೇ ನನ್ನ ಉದ್ಯೋಗವಾಯಿತು. ವಾರದ ರಜೆಯಲ್ಲಿ ಅದನ್ನೇ ಸಂಬಳವಿಲ್ಲದೆ ಮಾಡುತ್ತಿದ್ದೆ. ನಮ್ಮ ಊರಿನವರ ಕೂಟಗಳಲ್ಲಿ ಥರ್ಮೊಕೋಲ್ ತಟ್ಟೆ ಬಿಡಿಸಿ ಸ್ಟೀಲಿನ ತಟ್ಟೆ ತರಿಸಿದೆ. ತೊಳೆಯುವವರ ಸಾಲಿನಲ್ಲಿ ಮೊದಲು ನಿಂತೆ. ಮುಖ್ಯ ಅತಿಥಿ ಬರಲಿ ಬಿಡಲಿ, ಹೇಳಿದ ಹೊತ್ತಿಗೆ ಕಾರ್ಯಕ್ರಮ ಶುರುವಾಗಬೇಕೆಂದು ಹಟ ಹಿಡಿದು ಗೆದ್ದೆ. “ಮಾಷ್ಟ್ರು ಬಂದ್ರು, ವಾಚು ಸರಿ ಮಾಡಿಕೊಳ್ಳಿ” ಎಂದು ಬಾಗಿಲಲ್ಲಿ ನಿಂತವರು ನಗುತ್ತಿದ್ದರು. ಆ ನಗುವಿನಲ್ಲಿ ನನಗೆ ಮೆಚ್ಚುಗೆ ಮಾತ್ರ ಕೇಳಿಸುತ್ತಿತ್ತು.

ಮಾಷ್ಟ್ರು ಎಂಬ ಹೆಸರು ಬಂದದ್ದು ಕನ್ನಡ ತರಗತಿಯಿಂದ. ಎಲೆಕ್ಟ್ರಾದಲ್ಲಿದ್ದ ಸ್ನೇಹಿತರೊಬ್ಬರ ಕಚೇರಿಯ ಮೀಟಿಂಗ್ ಕೋಣೆಯಲ್ಲಿ, ಪ್ರತಿ ಶನಿವಾರ ಮೂರರಿಂದ ಐದರವರೆಗೆ, ಸುತ್ತಮುತ್ತಲ ಕಟ್ಟಡಗಳ ಹನ್ನೆರಡು ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಆಡುವ ಮಕ್ಕಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದರು. ಅವರಲ್ಲಿ ಹನ್ನೊಂದು ವರ್ಷದ ಒಬ್ಬಳು ಹುಡುಗಿ ನಾಲ್ಕೂವರೆಯಾಗುತ್ತಲೇ ಚೀಲಕ್ಕೆ ಪುಸ್ತಕ ತುಂಬಿಕೊಂಡು ಏಳುತ್ತಿದ್ದಳು.

“ಸರ್, ಕ್ಯಾನ್ ಐ ಗೋ? ಅಜ್ಜನ ಮನೇಲಿ ನನ್ನ ಟರ್ನ್ ಹೋಗ್ತದೆ.”

ಯಾವ ಅಜ್ಜ, ಎಂತಹ ಟರ್ನ್ ಎಂದು ನೋಡಲು ಒಂದು ಶನಿವಾರ ಐದಕ್ಕೆ ತರಗತಿ ಬಿಟ್ಟು, ಅತ್ತ ಓಡಿದ ಉಳಿದ ಮಕ್ಕಳ ಹಿಂದೆಯೇ ಹೋದೆ. ಅದು ಆ ಹುಡುಗಿಯ ಮನೆಯಿದ್ದ ಕಟ್ಟಡವೇ. ಅವಳ ಮನೆಯ ಒಂದು ಮಹಡಿ ಕೆಳಗೆ. ಬಾಗಿಲ ಹೊರಗೆ ಐದು ಜೊತೆ ಸಣ್ಣ ಚಪ್ಪಲಿಗಳಿದ್ದವು. ಒಳಗೆ ನೆಲದ ಮೇಲೆ ಮಕ್ಕಳು, ಕುರ್ಚಿಯಲ್ಲಿ ಅರುವತ್ತು ದಾಟಿದ ಹಿರಿಯರು. ಏಸಿಯ ಗಾಳಿ ಸಾಗಿಸುವ ಡಕ್ಟ್ ಮಾಡುವ ಕಂಪೆನಿಯೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದವರು, ಉಡುಪಿ ಕಡೆಯ ತುಳುವರು. ಊರಿನ ಇಬ್ಬರು ಯುವಕರೊಂದಿಗೆ ಆ ಮನೆಯನ್ನು ಹಂಚಿಕೊಂಡಿದ್ದರು. ಶನಿವಾರ ಅವರಿಬ್ಬರಿಗೂ ಡ್ಯೂಟಿ.

“ಬನ್ನಿ ಮಾಷ್ಟ್ರೇ” ಎಂದರು. “ನಿಮ್ಮ ಶಾಲೆ ಬಿಡುವ ಮೊದ್ಲು ಟೇಪು ಹಾಕುದಿಲ್ಲ ಅಂತ ಹೇಳಿಟ್ಟಿದ್ದೇನೆ. ಈ ಹುಡುಗಿ ಬೇಗ ಬಂದ್ರೆ ಅದು ನನ್ನ ತಪ್ಪಲ್ಲ.”

“ಐದು ನಿಮಿಷ ಲೋಡ್ ಆಗ್ಲಿಕ್ಕೆ ಬೇಕಲ್ಲ ಅಜ್ಜ” ಎಂದಳು ಹುಡುಗಿ. “ಅದಕ್ಕೆ ಬೇಗ ಬಂದದ್ದು.”

ಟೇಪ್ ರೆಕಾರ್ಡರಿನಿಂದ ಕರ್ಕಶವಾದ ಕಿರುಚಾಟ ಹೊರಟಿತು. ಆ ಯಂತ್ರಕ್ಕೆ ಪ್ರೋಗ್ರಾಂ ಹೋಗುತ್ತಿದ್ದದ್ದು ಆ ಶಬ್ದದ ರೂಪದಲ್ಲಿ. ಮಕ್ಕಳು ಅದಕ್ಕೆ ದನಿ ಸೇರಿಸಿ ತಾವೂ ಕಿರುಚಿದರು. ಹಿರಿಯರು ನನಗೆ ಚಾ ಕೊಟ್ಟರು.

ಆಟದ ಕತೆಯನ್ನು ಅವರೇ ಹೇಳಿದರು. ಯೌವನದಲ್ಲಿ ಎಂಟು ಜನ ಇದ್ದ ಒಂದು ಕೋಣೆಯಲ್ಲಿ ಅವರಿದ್ದಾಗ ಆ ಕಂಪ್ಯೂಟರನ್ನು ಎಲೆಕ್ಟ್ರಾದ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದರಂತೆ. ಇಟ್ಟಿಗೆ ಬೀಳುವ ಆಟವನ್ನು ಯಾರದೋ ಮನೆಯಲ್ಲಿ ಒಮ್ಮೆ ನೋಡಿದ್ದರು. ಅಂಗಡಿಯಲ್ಲಿ ಸಿಗಲಿಲ್ಲ. ತಾವೇ ಬರೆದರು.

“ನೋಡಿದ್ದು ಒಂದು ಸಲ. ಉಳಿದದ್ದೆಲ್ಲ ಅಂದಾಜು” ಎಂದರು. “ಮೂಲ ಆಟದಲ್ಲಿ ಇಲ್ಲದ ತುಂಡೆಲ್ಲ ಇದ್ರಲ್ಲಿ ಉಂಟು. ನಾನು ದಿನಾ ಡಕ್ಟ್‌ನ ಬೆಂಡು ಬರೆಯುವವ. ಅದೇ ಬಂದು ಕೂತದ್ದು.”

“ಇಷ್ಟು ವರ್ಷ ಇಟ್ಟುಕೊಂಡಿದ್ದೀರಲ್ಲ” ಎಂದೆ.

“ಇಟ್ಕೊಳ್ಳದೆ? ಈ ಊರಲ್ಲಿ ನಾನು ಬರೆದ ಡ್ರಾಯಿಂಗ್ ಒಂದು ಲಾರಿ ತುಂಬ ಆದೀತು. ಎಲ್ಲ ಕಂಪೆನಿಯದ್ದು. ಇದೊಂದು ನನ್ನದು. ರಿಟೈರ್ ಆಗಿ ಹೋಗುವಾಗ ತೆಗೊಂಡು ಹೋಗ್ಲಿಕ್ಕೆ ಇರುದು ಇದೊಂದೇ.”

ಈ ಮಾತನ್ನು ಅವರು ಮೊದಲ ದಿನವೇ ಹೇಳಿದ್ದರು. ನನಗೆ ತಿಳಿದಿರಲಿಲ್ಲವೆಂದು ನಾನು ಹೇಳುವಂತಿಲ್ಲ.

ಆಟ ಶುರುವಾಯಿತು. ಮೇಲಿನಿಂದ ಬಣ್ಣದ ತುಂಡುಗಳು ಇಳಿದು ಬಂದವು. ಅವನ್ನು ತಿರುಗಿಸಿ, ಜರುಗಿಸಿ, ಸಂದು ಬಿಡದಂತೆ ಕೂರಿಸಬೇಕು. ಸಾಲು ತುಂಬಿದರೆ ಮಾಯ. ಐದು ಚೌಕಗಳಷ್ಟು ಅಗಲದ, ಎರಡು ತುದಿ ಮೇಲೆದ್ದ ಒಂದು ತುಂಡಿಗೆ ಮಕ್ಕಳು ಬಾತ್‌ಟಬ್ ಎಂದು ಹೆಸರಿಟ್ಟಿದ್ದರು. ಅದು ಬಂದರೆ ಎಲ್ಲ ಹಾಳು. ಒಂದು ಆಟಕ್ಕೆ ಒಂದು ಸಲ ಮಾತ್ರ, ಕೀಲಿಯೊಂದನ್ನು ಒತ್ತಿ ತಳದ ಸಾಲನ್ನು ತೆಗೆಯುವ ಅವಕಾಶವೂ ಇತ್ತು. ಆ ಒಂದು ಸಲವನ್ನು ಯಾವಾಗ ಬಳಸಬೇಕೆಂಬುದೇ ಅವರ ದೊಡ್ಡ ಜಗಳ.

“ತಿರುಗ್ಸು, ತಿರುಗ್ಸು.”

“ಅಡ್ಡ ಅಲ್ಲ ಮಾರಾಯ್ತಿ, ಉದ್ದ ಮಾಡು.”

“ಬಾತ್‌ಟಬ್ ಬಂತು. ನಿನ್ನ ಕತೆ ಮುಗೀತು.”

“ಯಲ್ಲಾ, ಬೇಗ ಬೇಗ, ಎಡಕ್ಕೆ ಹಾಕಿ ಬಿಡು. ಈಗ್ಲೇ ಕೀ ಒತ್ಬೇಡ, ಆಮೇಲೆ ಅಳ್ತೀ.”

“ಖಲಾಸ್. ಏಳು, ನಂದು ಟರ್ನ್.”

ತರಗತಿಯಲ್ಲಿ ಒಂದು ಪೂರ್ಣ ಕನ್ನಡ ವಾಕ್ಯ ಹೊರಡಿಸಲು ನಾನು ಹೆಣಗುತ್ತಿದ್ದ ಮಕ್ಕಳೇ ಇವರು. ಬ್ಯಾರಿ ಮನೆಯ ಹುಡುಗಿಗೂ ತುಳು ಮನೆಯ ಹುಡುಗನಿಗೂ ನಡುವೆ ಜಗಳವಾಡಲು ಒಂದು ಭಾಷೆ ಬೇಕಿತ್ತು. ಹಿರಿಯರು ಅವರೊಡನೆ ಆಡುತ್ತಿದ್ದ ಕನ್ನಡವನ್ನೇ ಅವರು ಎತ್ತಿಕೊಂಡಿದ್ದರು. ಇದು ನನಗೆ ಹೊಳೆದದ್ದು ತಿಂಗಳುಗಳ ಮೇಲೆ. ಆ ದಿನ ನನಗೆ ಕೇಳಿಸಿದ್ದು ಗಲಾಟೆ.

ಮೂರು ಶನಿವಾರ ನಾನು ಅವರಲ್ಲಿಗೆ ಹೋಗಿ ವಾದಿಸಿದೆ.

ಮೊದಲ ಶನಿವಾರ ಅವರ ಪಕ್ಷವನ್ನು ನಾನೇ ಮಂಡಿಸಿದೆ. ಮಕ್ಕಳು ಮೊಬೈಲು ಬಿಟ್ಟು ಒಂದೆಡೆ ಸೇರುತ್ತಾರೆ, ಕಾಯುವುದನ್ನು ಕಲಿಯುತ್ತಾರೆ, ಕೈ ಕಣ್ಣು ಚುರುಕಾಗುತ್ತವೆ, ನಿಮಗೂ ಒಂಟಿತನವಿಲ್ಲ. ಅವರು ತಲೆಯಾಡಿಸಿದರು. ಆಮೇಲೆ ಕೇಳಿದೆ: “ಆದರೆ ಅಣ್ಣ, ಸಾಲು ತುಂಬಿದ ಕೂಡಲೇ ಅದು ಮಾಯವಾಗುತ್ತದೆ. ಮಕ್ಕಳು ಮನೆಗೆ ತೆಗೆದುಕೊಂಡು ಹೋಗುವುದು ಏನನ್ನು?”

“ಖುಷಿ ಆಗ್ತದಲ್ಲ ಅವಕ್ಕೆ.”

“ಖುಷಿ ಬೇಡವೆಂದು ನಾನು ಹೇಳುತ್ತಿಲ್ಲ. ಅದೇ ಖುಷಿಯಲ್ಲಿ ನಾಲ್ಕು ಅಕ್ಷರ ಸೇರಿದರೆ ನಷ್ಟವೇನು?”

ಎರಡನೆಯ ಶನಿವಾರ ನನ್ನ ಯೋಜನೆಯನ್ನು ಬಿಚ್ಚಿದೆ. ಇಟ್ಟಿಗೆಗಳ ಬದಲು ಕನ್ನಡದ ಅಕ್ಷರಗಳು ಬೀಳಬೇಕು. ಅವನ್ನು ಜೋಡಿಸಿ ಪದವಾದರೆ ಸಾಲು ಮಾಯವಾಗಬೇಕು. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಎಲ್ಲರೆದುರು ಅದನ್ನು ಬಿಡುಗಡೆ ಮಾಡಬೇಕು. ಪರದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

“ಒತ್ತಕ್ಷರ ಎಲ್ಲ ಇದ್ರಲ್ಲಿ ಹಿಡಿಲಿಕ್ಕಿಲ್ಲ ಮಾಷ್ಟ್ರೇ. ಜಾಗ ಕಮ್ಮಿ ಉಂಟು ಇದ್ರ ತಲೇಲಿ.”

“ಸರಳ ಅಕ್ಷರಗಳು ಸಾಕು.”

“ಅದಕ್ಕೂ ಸಾಲ್ಲಿಕ್ಕಿಲ್ಲ. ನನ್ನ ತುಂಡುಗಳನ್ನು ತೆಗಿಬೇಕಾಗ್ತದೆ.”

“ತೆಗೆಯೋಣ.”

ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಟೀವಿಯ ಕಡೆ ನೋಡಿದರು. ಮೂರನೆಯ ಶನಿವಾರ ನಾನು ಸಮುದಾಯದ ಜವಾಬ್ದಾರಿಯ ಬಗ್ಗೆ ಮಾತಾಡಿದೆ. ಬಹಳ ಚೆನ್ನಾಗಿ ಮಾತಾಡಿದೆನೆಂದು ನೆನಪಿದೆ. ಹಿರಿಯರು ಚಾ ಮುಗಿಸಿ, ಲೋಟ ತೊಳೆದಿಟ್ಟು ಬಂದು, “ಆಯ್ತು. ಮಾಡುವ” ಎಂದರು.

ನಾಲ್ಕು ವಾರ ಕೆಲಸ ನಡೆಯಿತು. ಅವರು ಗ್ರಾಫ್ ಕಾಗದದ ಸಣ್ಣ ಚೌಕಗಳಲ್ಲಿ ಅ, ಕ, ಮ, ರ ಬರೆದರು. ಡ್ರಾಫ್ಟ್ಸ್‌ಮನ್ನನ ಕೈ ಅವರದು; ಅಷ್ಟು ಕಡಿಮೆ ಚುಕ್ಕಿಗಳಲ್ಲಿ ಅಕ್ಷರದ ದುಂಡು ಕೆಡದಂತೆ ತಂದರು. ಅದರಲ್ಲಿ ಅವರಿಗೂ ಸ್ವಲ್ಪ ಸುಖ ಸಿಕ್ಕಿತ್ತೆಂದು ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುವುದುಂಟು. ಒಂದೊಂದು ಅಕ್ಷರ ಒಳಗೆ ಹೋದಾಗಲೂ ಜಾಗಕ್ಕಾಗಿ ಅವರದ್ದೇನಾದರೂ ಹೊರಗೆ ಬರಬೇಕಿತ್ತು. ಮೊದಲು ಸಾಲು ತುಂಬಿದಾಗ ಬರುತ್ತಿದ್ದ ಸಣ್ಣ ರಾಗ ಹೋಯಿತು. ಆಮೇಲೆ ಬಣ್ಣಗಳು, ಆಮೇಲೆ ತುಂಡುಗಳ ಅಚ್ಚುಗಳು. ತಳದ ಸಾಲು ತೆಗೆಯುವ ಕೀಲಿಯನ್ನು ಉಳಿಸಲು ಜಾಗವಿತ್ತು. ತಪ್ಪು ಪದ ಜೋಡಿಸಿದ ಮಗುವಿಗೆ ವಿನಾಯಿತಿ ಕೊಟ್ಟರೆ ಕಲಿಕೆ ಗಟ್ಟಿಯಾಗದೆಂದು ಹೇಳಿ ಅದನ್ನೂ ತೆಗೆಸಿದೆ.

ಹೊಸ ಪ್ರೋಗ್ರಾಮನ್ನು ಉಳಿಸಿಡಲು ಕ್ಯಾಸೆಟ್ಟು ಬೇಕಾಯಿತು. ಅವರ ಬಳಿ ಏಳೆಂಟಿದ್ದವು. ಒಂದನ್ನುಳಿದು ಎಲ್ಲಕ್ಕೂ ಬಿಳಿ ಬೂಸಲು ಹಿಡಿದಿತ್ತು. ಖಾಲಿ ಕ್ಯಾಸೆಟ್ಟಿಗಾಗಿ ಎಲೆಕ್ಟ್ರಾದ ಅಂಗಡಿಗಳನ್ನು ಸುತ್ತಿದೆ. “ಮ್ಯೂಸಿಯಂ ಮೇ ಪೂಛೋ ಭಾಯ್” ಎಂದು ಒಬ್ಬ ಅಂಗಡಿಯವನು ನಕ್ಕ. ಉಳಿದದ್ದು ಆಟವಿದ್ದ ಕ್ಯಾಸೆಟ್ಟೊಂದೇ.

ಕ್ಯಾಸೆಟ್ಟು ಕಂಡವರಿಗೆ ಗೊತ್ತಿರುತ್ತದೆ: ಅದರ ಬೆನ್ನಿನಲ್ಲಿ ಪ್ರತಿ ಬದಿಗೊಂದು ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದರೆ ಆ ಬದಿಯ ಮೇಲೆ ಮತ್ತೆ ರೆಕಾರ್ಡ್ ಮಾಡಲಾಗದು. ಆಟವಿದ್ದ ಬದಿಯ ಚೂರನ್ನು ಹಿರಿಯರು ಎಂದೋ ಮುರಿದಿಟ್ಟಿದ್ದರು. ಇನ್ನೊಂದು ಬದಿಯದು ಹಾಗೆಯೇ ಇತ್ತು.

ಅವರು ಕ್ಯಾಸೆಟ್ಟನ್ನು ಮಗುಚಿ ನನ್ನ ಮುಂದೆ ಹಿಡಿದರು. “ಈ ಬದಿ ಖಾಲಿ ಉಂಟು ಮಾಷ್ಟ್ರೇ. ಇದಕ್ಕೆ ಹಾಕಿದ್ರೆ ಆಗ್ಲಿಕ್ಕಿಲ್ವಾ?”

“ಅಣ್ಣ, ಎರಡೂ ಇದ್ದರೆ ಮಕ್ಕಳು ಯಾವುದನ್ನು ಕೇಳುತ್ತಾರೆ? ನೀವೇ ಹೇಳಿ.”

“ಹಳತನ್ನೇ ಕೇಳ್ತಾರೆ.”

“ಅದಕ್ಕೇ.”

ನನ್ನ ಕಚೇರಿಯ ಚೀಲದಲ್ಲಿ ಸೆಲ್ಲೋ ಟೇಪಿನ ಸುರುಳಿ ಇತ್ತು. ಒಂದು ತುಂಡು ಹರಿದು ಆ ಮುರಿದ ಜಾಗದ ಮೇಲೆ ಅಂಟಿಸಿ, ಉಗುರಿನಿಂದ ಗಟ್ಟಿಯಾಗಿ ಉಜ್ಜಿದೆ. ಹೀಗೆ ಅಂಟಿಸಿದರೆ ರೆಕಾರ್ಡರಿಗೆ ಚೂರು ಇದೆಯೆಂದೇ ಭ್ರಮೆಯಾಗುತ್ತದೆ. ಊರಿನಲ್ಲಿ ನಾವು ಮಾರುಕಟ್ಟೆಯ ಹಾಡಿನ ಕ್ಯಾಸೆಟ್ಟುಗಳ ಮೇಲೆ ತಾಳಮದ್ದಳೆ ತುಂಬಿಸಿಕೊಳ್ಳಲು ಕಲಿತ ಉಪಾಯ ಅದು. ಹಿರಿಯರು ಕೀಬೋರ್ಡಿನ ಮುಂದೆ ಕುಳಿತಿದ್ದರು. ರೆಕಾರ್ಡರ್ ನನ್ನ ಬದಿಯಲ್ಲಿತ್ತು. “ಒತ್ತಿ” ಎಂದರು. ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದೆ. ಐದು ನಿಮಿಷ ಟೇಪು ಸುತ್ತಿತು. ಅಷ್ಟೂ ಹೊತ್ತು ಅವರು ನನ್ನ ಕಡೆಗಾಗಲಿ ಯಂತ್ರದ ಕಡೆಗಾಗಲಿ ನೋಡಲಿಲ್ಲ. ಗ್ರಾಫ್ ಕಾಗದಗಳನ್ನು ಅಂಚು ಸರಿ ಮಾಡಿ ಜೋಡಿಸುತ್ತಿದ್ದರು.

ರಾಜ್ಯೋತ್ಸವದ ದಿನ ದೊಡ್ಡ ಪರದೆಯ ಮೇಲೆ ಅಕ್ಷರಗಳು ಬಿದ್ದವು. ‘ಮರ’ ಕೂಡಿತು, ‘ಕಮಲ’ ಕೂಡಿತು. ಸಭೆ ಚಪ್ಪಾಳೆ ತಟ್ಟಿತು. ಹಿರಿಯರಿಗೆ ಶಾಲು ಹೊದಿಸಿದೆವು. ನಾನು ಏಳು ನಿಮಿಷ ಮಾತಾಡಿದೆ.

ಮುಂದಿನ ಶನಿವಾರ ಅವರ ಬಾಗಿಲ ಹೊರಗೆ ಎರಡು ಜೊತೆ ಚಪ್ಪಲಿ ಮಾತ್ರ ಇದ್ದವು. ಹುಡುಗಿ ಸ್ವಲ್ಪ ಹೊತ್ತು ಆಡಿ, ಕೀಬೋರ್ಡನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು.

“ಅಜ್ಜ, ಇದು ಹೋಮ್‌ವರ್ಕ್ ಅಲ್ವಾ? ಮೊದ್ಲಿಂದು ಹಾಕಿ.”

ಹಿರಿಯರು ನನ್ನ ಕಡೆ ನೋಡಲಿಲ್ಲ. “ಅದ್ರ ಟೇಪು ಹಾಳಾಯ್ತು ಮಗಾ. ಹಳೆ ಟೇಪು ಅಲ್ವಾ.”

ನಾನು ಅಲ್ಲೇ ಇದ್ದೆ, ಚಾ ಲೋಟ ಹಿಡಿದುಕೊಂಡು. ಚರ್ಚಾಸ್ಪರ್ಧೆಯಲ್ಲಿ ಉತ್ತರಿಸದೆ ಬಿಟ್ಟ ಮಾತು ಒಪ್ಪಿಕೊಂಡ ಮಾತಿಗೆ ಸಮ. ಆ ಮನೆಯಲ್ಲಿ ಮಾತ್ರ ನನ್ನ ಮೌನದಿಂದ ಲಾಭವಾದದ್ದು ನನಗೆ. ಆಕೆ “ಓಕೆ” ಎಂದು ಎದ್ದು ಹೋದಳು. ಅದರ ಮುಂದಿನ ವಾರ ಯಾರೂ ಬರಲಿಲ್ಲ.

ತರಗತಿಯಲ್ಲಿ ಅವಳು ಈಗ ಐದರವರೆಗೂ ಕೂರುತ್ತಿದ್ದಳು. ಬೇಗ ಏಳಲು ಕಾರಣವೇ ಇರಲಿಲ್ಲ. ಮೊದಮೊದಲು ಇದನ್ನು ನಾನು ಯಶಸ್ಸೆಂದು ಎಣಿಸಿದೆ. ಪಾಲಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದೂ ಬಿಟ್ಟೆ. ಒಂದು ಶನಿವಾರ ಪೆನ್ಸಿಲ್ ಕಸಿದುಕೊಂಡ ಪಕ್ಕದ ಹುಡುಗನ ಮೇಲೆ ಅವಳು ರೇಗಿದಳು, ಇಂಗ್ಲಿಷಿನಲ್ಲಿ. ‘ಅಡ್ಡ ಅಲ್ಲ ಮಾರಾಯ್ತಿ’ ಎಂದು ಬೈದವಳೂ ಇವಳೇ ಎಂಬುದು ಆಗ ನೆನಪಾಯಿತು. ಹಲಗೆಯ ಮೇಲೆ ಬರೆಯುತ್ತಿದ್ದ ವಾಕ್ಯವನ್ನು ಅರ್ಧಕ್ಕೆ ಬಿಟ್ಟು ನಿಂತೆ. ಮಕ್ಕಳು ನಾನು ಕಾಗುಣಿತ ಮರೆತೆನೆಂದು ನಕ್ಕರು.

ಜನವರಿಯಲ್ಲಿ ಹಿರಿಯರ ಕಂಪೆನಿ ಅವರ ಕೆಲಸ ಮುಗಿಸಿತು. ವೀಸಾ ಕ್ಯಾನ್ಸಲ್ ಆಗಿ, ಫೆಬ್ರವರಿ ಕೊನೆಗೆ ಊರಿಗೆ ಹೋಗುವುದೆಂದು ತೀರ್ಮಾನವಾಯಿತು. ಸುದ್ದಿ ತಿಳಿದ ದಿನ ಆಫೀಸಿನಿಂದ ನೇರ ಅವರಲ್ಲಿಗೆ ಹೋದೆ. ಅವರು ಕಾರ್ಗೋದಲ್ಲಿ ಕಳಿಸುವ ರಟ್ಟಿನ ಪೆಟ್ಟಿಗೆಗಳಿಗೆ ನಂಬರು ಬರೆಯುತ್ತಿದ್ದರು. ಕಂಪ್ಯೂಟರ್ ಇನ್ನೂ ಟೀವಿಯ ಕೆಳಗೇ ಇತ್ತು.

“ಅಣ್ಣ, ಇನ್ನೊಂದು ಬದಿಗೆ ಹಾಕಬಹುದಿತ್ತು” ಎಂದೆ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ವಾಕ್ಯ ಇದಾಗಿರಲಿಲ್ಲ, ಇನ್ನೂ ಉದ್ದದ್ದಿತ್ತು.

“ಹಾಕ್ಬಹುದಿತ್ತು.”

“ನೀವು ಒಪ್ಪಿದಿರಲ್ಲ ಎಂದು ನಾನು...”

“ನಿಮ್ಮ ಮಾತು ಸರಿ ಅಂತ ಒಪ್ಪಿದ್ದಲ್ಲ ಮಾಷ್ಟ್ರೇ.”

“ಮತ್ತೆ?”

“ನೀವು ಮೂರು ಶನಿವಾರ ಬಂದ್ರಿ. ಬೇಡ ಅಂದಿದ್ರೆ ನಾಲ್ಕನೇದಕ್ಕೂ ಬರ್ತಿದ್ರಿ. ಸಾಕಾಗಿ ಹೋಯ್ತು.” ಅವರು ನಕ್ಕರು. ಆ ನಗುವಿನಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. “ಪ್ರಾಯ ಆಯ್ತು, ಇನ್ನು ಈ ಇಟ್ಟಿಗೆ ಆಟ ಎಂತಕ್ಕೆ, ಹೋದ್ರೆ ಹೋಗ್ಲಿ ಅಂತ ಮನಸ್ಸಿಗೆ ಹೇಳಿ ನೋಡಿದೆ. ಕೇಳ್ಲಿಲ್ಲ ಅದು.”

ನಾನು ಗೆದ್ದ ಚರ್ಚೆಗಳೆಲ್ಲ ಒಂದೊಂದಾಗಿ ಎದುರು ಬಂದು ನಿಂತವು. ಸ್ಟೀಲಿನ ತಟ್ಟೆ, ಸಮಯಪಾಲನೆ, ಕಚೇರಿಯ ಮೀಟಿಂಗುಗಳು, ಮನೆಯಲ್ಲಿ ಹೆಂಡತಿಯೊಡನೆ ಮಾಡಿದ ವಾದಗಳು. ಅವುಗಳಲ್ಲಿ ಎಷ್ಟಕ್ಕೆ ಜನ ಒಪ್ಪಿದ್ದರು, ಎಷ್ಟರಲ್ಲಿ ದಣಿದಿದ್ದರು ಎಂದು ತಿಳಿಯುವ ದಾರಿ ಈಗ ಇಲ್ಲ.

“ಮತ್ತೆ ಬರೆಯೋಣ” ಎಂದೆ.

“ಬೀಳುವ ಲೆಕ್ಕ ಹೊಸದ್ರಲ್ಲೂ ಉಂಟು. ಅದು ಸಿಗ್ತದೆ. ತುಂಡುಗಳು ಸರಿಯಾಗಿ ನೆನಪಿಲ್ಲ. ನಾನು ಆಡುದು ಬಿಟ್ಟೇ ವರ್ಷ ಆಯ್ತಲ್ಲ. ಆಡ್ತಿದ್ದದ್ದು ಮಕ್ಕಳು.”

ಹಾಗಾದರೆ ಮಕ್ಕಳನ್ನು ಕರೆಯಬೇಕು. ನಾಲ್ಕು ಮನೆಗಳ ಬಾಗಿಲು ತಟ್ಟಿದೆ. ಫೆಬ್ರವರಿಯ ಮೊದಲ ಶನಿವಾರ ಐವರೂ ಬಂದರು. ಹಿರಿಯರು ಗ್ರಾಫ್ ಕಾಗದ ಹರಡಿದರು.

“ಬಾತ್‌ಟಬ್ ರೆಡ್ ಅಲ್ಲ, ಪಿಂಕ್.”

“ಪಿಂಕ್ ಆ ಉದ್ದದ್ದು. ನಿಂಗೆ ಎಂತ ಗೊತ್ತುಂಟು, ನೀನು ಯಾವಾಗ್ಲೂ ಫಸ್ಟಿಗೇ ಔಟ್.”

“ಹೀಗೆ ತಿರುಗಿದ್ರೆ ಇಲ್ಲೊಂದು ಗ್ಯಾಪ್ ಬರ್ತಿತ್ತು ಅಜ್ಜ. ಬರೀರಿ. ಅಲ್ಲ, ಈಚೆ.”

ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. “ಒಬ್ಬೊಬ್ಬರಾಗಿ ಹೇಳಿ, ಮೊದಲು ಬಣ್ಣ ತೀರ್ಮಾನವಾಗಲಿ” ಎಂದೆ.

“ಮಾಷ್ಟ್ರೇ” ಎಂದರು ಹಿರಿಯರು, ಕಾಗದದಿಂದ ತಲೆಯೆತ್ತದೆ, “ನೀವು ಚಾ ಮಾಡಿ.”

ಅಡುಗೆಮನೆಗೆ ಹೋಗಿ ನೀರಿಟ್ಟೆ. ಅಲ್ಲಿಂದ ಹುಡುಗಿಯ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

“ಅಜ್ಜ, ಟೇಪ್ ಅಂದ್ರೆ ಸೌಂಡ್ ಅಲ್ವಾ? ಹಾಳಾಗುವ ಮೊದ್ಲು ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಟಿದ್ರೆ ಆಗ್ತಿತ್ತು. ಐದೇ ಮಿನಿಟ್.”

ನನ್ನ ಫೋನು ಆ ಸಂಜೆ, ಟೇಪು ಸುತ್ತುವ ಮೊದಲು, ನನ್ನ ಕಿಸೆಯಲ್ಲೇ ಇತ್ತು.

“ಆಗ ಹೊಳೀಲಿಲ್ಲ ಮಗಾ” ಎಂದರು ಹಿರಿಯರು.

“ಹೇಗೆ ಹಾಳಾಯ್ತು ಅದು?”

“ಹಳತಾದ್ರೆ ಹಾಗೇ.”

ಟ್ರೇ ಹಿಡಿದು ಹೊರಗೆ ಬಂದೆ. “ಟೇಪು ಹಾಳಾಗಲಿಲ್ಲ” ಎಂದೆ. “ನಾನು ಅಳಿಸಿದೆ.”

ಹುಡುಗಿ ತಿರುಗಿ ನೋಡಿದಳು. “ಮಿಸ್ಟೇಕಾ?”

“ಅಲ್ಲ.”

“ಮತ್ತೆ ವೈ?”

ಕಾರಣಗಳು ನಾಲಗೆಯ ತುದಿಯಲ್ಲಿದ್ದವು, ಕ್ರಮವಾಗಿ. ಅವನ್ನೆಲ್ಲ ಬಿಟ್ಟು, “ನಿಮಗೆ ಅದೇ ಇಷ್ಟ ಅಂತ ಗೊತ್ತಿತ್ತು. ಅದಕ್ಕೆ” ಎಂದೆ.

ಎಲ್ಲರಿಗಿಂತ ಸಣ್ಣವನು ತನಗೆ ಸಕ್ಕರೆ ಜಾಸ್ತಿ ಬೇಕೆಂದ. ತಪ್ಪೊಪ್ಪಿಕೊಂಡ ಹಗುರತನ ನನಗೆ ಬರುವುದರಲ್ಲಿತ್ತು. ಅಷ್ಟರಲ್ಲಿ ಹುಡುಗಿ ನನ್ನನ್ನು ಬಿಟ್ಟು ಹಿರಿಯರ ಕಡೆ ತಿರುಗಿದ್ದಳು.

“ನೀವು ಸುಳ್ಳು ಹೇಳಿದ್ದಾ ಅಜ್ಜ?”

ಅವರು ಪೆನ್ಸಿಲನ್ನು ಕಾಗದದ ಮೇಲಿಟ್ಟರು. ಮುಖ ಕೆಂಪಾಗಿತ್ತು. “ಹೌದು ಮಗಾ.”

“ಎಂತಕ್ಕೆ?”

“ಇವರು ನಿನ್ನ ಮಾಷ್ಟ್ರು ಅಲ್ವಾ.”

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಮರ್ಯಾದೆ ಉಳಿಸಲು ಅವರು ಹೇಳಿದ್ದ ಸುಳ್ಳನ್ನು, ನನ್ನ ಮನಸ್ಸು ಹಗುರ ಮಾಡಿಕೊಳ್ಳಲು ನಾನು ಮಕ್ಕಳೆದುರು ಬಯಲು ಮಾಡಿದ್ದೆ. ಮೊದಲ ಸಲದಂತೆಯೇ ಈ ಸಲವೂ ಅವರನ್ನು ಕೇಳಿರಲಿಲ್ಲ.

ಕೆಲಸ ನಿಲ್ಲಲಿಲ್ಲ. ಉಳಿದ ಶನಿವಾರಗಳಲ್ಲಿ ತುಂಡುಗಳೆಲ್ಲ ಸಿಕ್ಕವು, ಬಣ್ಣಗಳು ಹೆಚ್ಚುಕಡಿಮೆ ಸಿಕ್ಕವು. ಸಣ್ಣ ರಾಗವನ್ನು ಹಿರಿಯರು ಶಿಳ್ಳೆ ಹೊಡೆದು, ಮಕ್ಕಳು ತಿದ್ದಿ, ಒಳಗೆ ಕೂರಿಸಿದರು. ಸಿಗದೆ ಹೋದದ್ದು ವೇಗ. ಎಷ್ಟು ಸಾಲಿಗೆ ಎಷ್ಟು ಬೇಗ ಬೀಳಬೇಕೆಂಬ ಅಂಕಿಗಳು ಅಕ್ಷರದ ಆಟದಲ್ಲಿ ಬದಲಾಗಿದ್ದವು, ಹಳೆಯವು ಅವರಿಗೆ ನೆನಪಿರಲಿಲ್ಲ. ಮಕ್ಕಳ ಕೈಗೆ ಗೊತ್ತಿದ್ದದ್ದನ್ನು ಬಾಯಿಯಲ್ಲಿ ಹೇಳಲಾಗುತ್ತಿರಲಿಲ್ಲ. ಹುಡುಗಿ ಆಡುವಳು, “ಫಾಸ್ಟ್” ಎನ್ನುವಳು. ಅವರು ಅಂಕಿ ಬದಲಿಸುವರು. “ಈಗ ಸ್ಲೋ.” ಮತ್ತೆ ಬದಲಿಸುವರು. “ಅಲ್ಲ ಅಜ್ಜ, ಅದು ಹೀಗಿರ್ಲಿಲ್ಲ.” ಕ್ಯಾಸೆಟ್ಟಿನ ಜೊತೆಗೆ ಅವಳ ತಾಯಿಯ ಫೋನಿನಲ್ಲೂ ಆ ಕಿರುಚಾಟವನ್ನು ರೆಕಾರ್ಡ್ ಮಾಡಿದರು. ಸರಿಯಾಗದ ವೇಗದೊಂದಿಗೇ ಆಟವನ್ನು ಪೆಟ್ಟಿಗೆಗೆ ಹಾಕಿ, ಹಿರಿಯರು ಊರಿಗೆ ಹೋದರು. ಏರ್‌ಪೋರ್ಟಿನಲ್ಲಿ ನನ್ನ ಕೈ ಹಿಡಿದು, “ಹೆಚ್ಚುಕಮ್ಮಿ ಅದೇ ಬಂದಿದೆ, ಮಂಡೆಬಿಸಿ ಮಾಡ್ಬೇಡಿ” ಎಂದರು. ನನಗಾಗಿ ಅವರು ಹೇಳಿದ ಎರಡನೆಯ ಸುಳ್ಳು ಅದು.

ಹುಡುಗಿ ಮಾರ್ಚ್‌ನಿಂದ ತರಗತಿಗೆ ಬರುತ್ತಿಲ್ಲ. ಮೊನ್ನೆ ಅವರ ಕಟ್ಟಡದ ಕೆಳಗಿನ ಗ್ರೋಸರಿಯಲ್ಲಿ ಅವಳ ತಾಯಿ ಸಿಕ್ಕಿದ್ದರು. ಕೈಯಲ್ಲಿ ಖುಬೂಸ್ ರೊಟ್ಟಿಯ ಪ್ಯಾಕೆಟ್ಟಿತ್ತು.

“ಬೇಜಾರು ಮಾಡ್ಬೇಡಿ ಸರ್. ಅವಳು ಕ್ಲಾಸಿಗೆ ಬರುದೇ ಇಲ್ಲ ಅಂತಾಳೆ. ಕಾರಣ ಕೇಳಿದ್ರೆ ಹೇಳುದಿಲ್ಲ. ನೀವು ಒಮ್ಮೆ ಮಾತಾಡಿ ನೋಡಿ. ನೀವು ಹೇಳಿದ್ರೆ ಯಾರಾದ್ರೂ ಒಪ್ತಾರೆ.”

ಹನ್ನೊಂದು ವರ್ಷದ ಮಗುವನ್ನು ಒಪ್ಪಿಸಲು ಎಲ್ಲಿಂದ ಆರಂಭಿಸಬೇಕೆಂದು ನನಗೆ ಗೊತ್ತಿತ್ತು. ಮೊದಲು ಅವಳ ಪಕ್ಷವನ್ನು ಅವಳಿಗಿಂತ ಚೆನ್ನಾಗಿ ಹೇಳಬೇಕು.

“ಬೇಡ” ಎಂದೆ. “ಅವಳು ಬರುವುದಿಲ್ಲ ಅಂದದ್ದು ಸರಿಯಾಗಿಯೇ ಇದೆ.”

ತಾಯಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಅರ್ಥವಾಗಲಿಲ್ಲವೆಂದು ಕಾಣುತ್ತದೆ. ನಾನು ವಿವರಿಸಲಿಲ್ಲ.